ದೊಡ್ಡವರನ್ನು ಹೊರುವ ತಟ್ಟು

೨೦೨೨ನೆಯ ಇಸವಿಯ ಸೆಪ್ಟೆಂಬರ್ ೧೯ರಂದು ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯ ಅಂತಿಮಯಾತ್ರೆ ವಿಂಡ್ಸರ್ ಅರಮನೆಯತ್ತ ಸಾಗುತ್ತಿದ್ದಾಗ, ದಾರಿಯ ಬದಿಯಲ್ಲಿ ಒಂದು ಕಪ್ಪು ಕುದುರೆ ನಿಂತಿದ್ದಿತು. ಬೆನ್ನಮೇಲೆ ತಡಿಯಿದ್ದಿತು, ತಡಿಯ ಮೇಲೆ ಯಾರೂ ಇರಲಿಲ್ಲ. ಎಮ್ಮಾ ಎಂಬ ಹೆಸರಿನ ಆ ಕುದುರೆ ರಾಣಿಯ ಮುಪ್ಪಿನ ಸಂಗಾತಿಗಳಲ್ಲಿ ಒಂದು. ಅದನ್ನು ದೂರದರ್ಶನದಲ್ಲಿ ಕಂಡು ಕಣ್ಣೊರಸಿಕೊಂಡವರು ಬಹುಮಂದಿ. ಆದರೆ ಕುದುರೆಗಳ ವಿಷಯ ಬಲ್ಲವರು ಆ ದುಃಖದ ನಡುವೆಯೂ ಇನ್ನೊಂದು ಸಂಗತಿಯನ್ನು ಗಮನಿಸದೆ ಇದ್ದಿರಲಾರರು. ಜಗತ್ತಿನ ಹೆಸರಾಂತ ಪಂದ್ಯದ ಕುದುರೆಗಳನ್ನು ಸಾಕಿ ಬೆಳೆಸಿದ ರಾಣಿ ತನ್ನ ಸ್ವಂತ ಸವಾರಿಗೆ ಕೊನೆಕೊನೆಗೆ ಆರಿಸಿಕೊಂಡದ್ದು ಉತ್ತರ ಇಂಗ್ಲೆಂಡಿನ ಬೆಟ್ಟಗಳಲ್ಲಿ ಹುಟ್ಟಿದ ಫೆಲ್ ಜಾತಿಯ ಗಿಡ್ಡ ಕುದುರೆಗಳನ್ನು. ೨೦೨೦ರಲ್ಲಿ, ತೊಂಬತ್ತನಾಲ್ಕರ ಪ್ರಾಯದಲ್ಲಿ, ತಲೆಗೆ ಒಂದು ಬಣ್ಣದ ವಸ್ತ್ರ ಕಟ್ಟಿಕೊಂಡು ಆಕೆ ವಿಂಡ್ಸರಿನ ಉದ್ಯಾನದಲ್ಲಿ ಅಂಥದೇ ಇನ್ನೊಂದು ಕುದುರೆಯ ಮೇಲೆ ಕುಳಿತ ಚಿತ್ರಗಳನ್ನು ಪತ್ರಿಕೆಗಳೆಲ್ಲ ಮುದ್ರಿಸಿದ್ದುವು.

ಕನ್ನಡದಲ್ಲಿ ಇಂಥ ಕುದುರೆಗೆ ‘ತಟ್ಟು’ ಎಂದು ಹೆಸರು. ಹೆಸರಿನಲ್ಲಿಯೇ ತುಸು ತಾತ್ಸಾರವುಂಟು. ಕುದುರೆ ಎಂದೊಡನೆ ಮೈಸೂರಿನ ದಸರೆಯ ಮೆರವಣಿಗೆಯೋ ಬೆಂಗಳೂರಿನ ರೇಸೋ ಕಣ್ಣಮುಂದೆ ಬರುತ್ತದೆ. ತಟ್ಟು ಎಂದರೆ ಸಂತೆಗೆ ಹೇರು ಹೊತ್ತು ನಡೆಯುವ ಬಡಪ್ರಾಣಿ, ಇಲ್ಲವೆ ಮಕ್ಕಳನ್ನು ಕೂರಿಸಿ ಉದ್ಯಾನ ಸುತ್ತಿಸುವ ಸಾಧುಪ್ರಾಣಿ. ಪ್ರಾಯಕ್ಕೆ ಬಂದವರು ಅದರ ಮೇಲೆ ಕುಳಿತರೆ ನಗೆಪಾಟಲು ಎಂಬ ಭಾವನೆ ಸಾಮಾನ್ಯವಾದದ್ದು. ಭೀಮಾ ನದಿಯ ತೀರದಲ್ಲಿ ಬೆಳೆದುದರಿಂದ ಭೀಮಥಡಿ ಎಂದು ಹೆಸರಾದ ಗಿಡ್ಡ ಕುದುರೆಗಳ ಮೇಲೆ ಮರಾಠಾ ದಂಡುಗಳು ದಖನಿನ ಉದ್ದಗಲಕ್ಕೂ ಹರಿದಾಡಿದ ಕಥೆ ಓದಿದವರೂ ಕೂಡ ಇದನ್ನು ಮರೆತುಬಿಡುತ್ತಾರೆ. ಆ ಸವಾರರೇನು ಮಕ್ಕಳಲ್ಲವಷ್ಟೆ.

ಪಾಶ್ಚಾತ್ಯ ದೇಶಗಳಲ್ಲಿ ಈ ತಾತ್ಸಾರ ಸಾಕಷ್ಟು ಕಡಮೆಯಾಗಿದೆ. ದೊಡ್ಡವರ ಸವಾರಿಗೆ ಒದಗುವ ದೊಡ್ಡ ತಟ್ಟುಗಳನ್ನು, ಎಂದರೆ ಪೋನಿಗಳನ್ನು, ಬೆಳೆಸುವುದೂ ಆರಿಸಿಕೊಳ್ಳುವುದೂ ಅಲ್ಲಿ ಒಂದು ವಿದ್ಯೆಯಾಗಿ ಬೆಳೆದಿದೆ. ಜೊತೆಗೆ ಒಂದು ವಾದವಾಗಿಯೂ ಬೆಳೆದಿದೆ. ವಾದದ ಮೂಲ ಒಂದು ಗೆರೆ.

ಕುದುರೆಯ ಎತ್ತರವನ್ನು ಅಳೆಯುವುದು ಹೆಗಲಿನ ಮೇಲಣ ಉಬ್ಬಿನಿಂದ ನೆಲದವರೆಗೆ. ಅಳತೆಯ ಹೆಸರು ‘ಹ್ಯಾಂಡ್’. ಅಂಗೈಯ ಅಗಲದಿಂದ ಹುಟ್ಟಿದ ಈ ಅಳತೆಗೆ ನಾಲ್ಕು ಅಂಗುಲ. ೧೪.೨ ಎಂದು ಬರೆದರೆ ಚುಕ್ಕೆಯ ಆಚೆಗಿರುವುದು ದಶಮಾಂಶವಲ್ಲ, ಅಂಗುಲ: ೧೪ ಹ್ಯಾಂಡ್ ೨ ಅಂಗುಲ, ಒಟ್ಟು ೫೮ ಅಂಗುಲ. ಮೆಟ್ರಿಕ್ ಲೆಕ್ಕದಲ್ಲಿ ಇದನ್ನು ೧೪೮ ಸೆಂಟಿಮೀಟರ್ ಎಂದು ಹಿಡಿಯುತ್ತಾರೆ. ಇಷ್ಟರೊಳಗೆ ಇದ್ದರೆ ಪೋನಿ, ಮೀರಿದರೆ ಕುದುರೆ. ಬ್ರಿಟನ್, ಐರ್ಲೆಂಡ್‌ಗಳ ಪ್ರದರ್ಶನ ಸ್ಪರ್ಧೆಗಳೆಲ್ಲ ಈ ಗೆರೆಯನ್ನು ನಂಬಿ ನಿಂತಿವೆ. ಗೆರೆಯ ಒಳಗೆ ಸರಿಯಾಗಿ ನಿಂತ ಪೋನಿಗೆ ಒಳ್ಳೆಯ ಬೆಲೆ. ಒಂದು ಅಂಗುಲ ಮೇಲೆ ಹೋದುದು ಪೋನಿಗಳ ಸ್ಪರ್ಧೆಗೆ ಸಲ್ಲದು, ಕುದುರೆಗಳ ಸ್ಪರ್ಧೆಯಲ್ಲಿ ಹದಿನಾರು ಹ್ಯಾಂಡಿನ ಭಾರೀ ಪ್ರಾಣಿಗಳ ಸರಿಸಮ ನಿಲ್ಲಲಾರದು. ಅದರ ಪಾಡು ತ್ರಿಶಂಕುವಿನ ಪಾಡು. ಆದರೆ ಐದೂವರೆ ಅಡಿ ಎತ್ತರದ, ಅರುವತ್ತೈದು ಕಿಲೊ ತೂಕದ ಗೃಹಸ್ಥನೊಬ್ಬನಿಗೆ ಬೇಕಾದುದು ನಿಖರವಾಗಿ ಈ ಗೆರೆಯ ಅಕ್ಕಪಕ್ಕದ ಪ್ರಾಣಿಯೇ.

ಆತನಿಗೆ ಇದು ಏಕೆ ಬೇಕು? ನೆಲ ಹತ್ತಿರ, ಬಿದ್ದರೆ ಪೆಟ್ಟು ಕಡಮೆ, ಹತ್ತುವಾಗ ಮೊಣಕಾಲು ನೋಯುವುದಿಲ್ಲ. ಹೊರಗೆ ಹುಲ್ಲುಗಾವಲಿನಲ್ಲಿಯೇ ಬದುಕುತ್ತದೆ, ತಿನ್ನುವುದು ಕಡಮೆ, ರೋಗರುಜಿನ ಕಡಮೆ. ಇಷ್ಟೇ ಕಾರಣಗಳು ಸಾಲವೆ?

ಇಂಥ ಜಾತಿಗಳು ಹಲವು. ಸ್ಕಾಟ್ಲೆಂಡಿನ ಹೈಲೆಂಡ್ ಪೋನಿ ಬೇಟೆಯಾದ ಸಾರಂಗವನ್ನು ಬೆನ್ನಮೇಲೆ ಹೊತ್ತು ಬೆಟ್ಟದಿಂದ ಇಳಿಸುವ ಕಸುಬಿನದು. ಅದಕ್ಕೆ ಮನುಷ್ಯನ ಭಾರ ಲೆಕ್ಕಕ್ಕಿಲ್ಲ. ಡೇಲ್ಸ್, ವೆಲ್ಷ್ ಕಾಬ್, ನಾರ್ವೆಯ ಫ್ಯೋರ್ಡ್, ಆಲ್ಪ್ಸ್ ಸೀಮೆಯ ಹಾಫ್ಲಿಂಗರ್ ಇವೂ ಉಂಟು. ಐಸ್‌ಲೆಂಡಿನವರಂತೂ ಇದೇ ಗಾತ್ರದ ತಮ್ಮ ಪ್ರಾಣಿಯನ್ನು ಪೋನಿ ಎಂದರೆ ಮುನಿಸಿಕೊಳ್ಳುತ್ತಾರೆ, ಕುದುರೆ ಎಂದೇ ಕರೆಯಬೇಕು. ಶತಮಾನಗಳಿಂದ ಆ ದ್ವೀಪದ ದೊಡ್ಡವರನ್ನೆಲ್ಲ ಹೊತ್ತದ್ದು ಅದೊಂದೇ. ಆದರೆ ಎತ್ತರದ ಗೆರೆಯ ವಾದವನ್ನು ಅರಿಯಬೇಕಾದರೆ ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಹೋಗಬೇಕು.

ಗಾಲ್ವೇ ಜಿಲ್ಲೆಯ ಪಶ್ಚಿಮದ ತುದಿ ಕಾನಮಾರ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಬೋಳು ಬೆಟ್ಟಗಳು, ನಡುವೆ ಕೆಸರು, ಕಲ್ಲು, ಮಳೆ. ಅಲ್ಲಿನ ರೈತನ ಜಮೀನು ಚಿಕ್ಕದು, ಅದೂ ಕಲ್ಲಿನ ಗೋಡೆಗಳಿಂದ ತುಂಡುತುಂಡಾದುದು. ಎರಡು ಪ್ರಾಣಿ ಸಾಕುವ ಶಕ್ತಿ ಆತನಿಗೆ ಇರಲಿಲ್ಲವಾಗಿ ಒಂದೇ ಹೆಣ್ಣು ಪೋನಿಯನ್ನು ಇಟ್ಟುಕೊಳ್ಳುತ್ತಿದ್ದನು. ನೇಗಿಲು ಎಳೆಯುವುದು ಅದೇ. ಒಲೆಗೆ ಬೇಕಾದ ಕೆಸರುಗಡ್ಡೆಯನ್ನೂ ಹೊಲಕ್ಕೆ ಗೊಬ್ಬರವಾಗುವ ಕಡಲಪಾಚಿಯನ್ನೂ ಇಕ್ಕೆಲದ ಬುಟ್ಟಿಗಳಲ್ಲಿ ಹೊತ್ತು ತರುವುದು ಅದೇ. ಭಾನುವಾರ ಮನೆಯವರನ್ನು ಇಗರ್ಜಿಗೆ ಒಯ್ಯುವುದೂ ಅದೇ. ಇದೆಲ್ಲದರ ಮೇಲೆ ವರ್ಷಕ್ಕೊಂದು ಮರಿ ಹಾಕಿ ಮನೆಗೆ ನಾಲ್ಕು ಕಾಸು ತರಬೇಕು. ಗಂಡುಮರಿ ಮಾರಾಟಕ್ಕೆ, ಹೆಣ್ಣು ಉಳಿತಕ್ಕೆ. ಹೀಗೆ ತಲೆಮಾರುಗಳ ತನಕ ಆ ಜಾತಿಯನ್ನು ಆರಿಸಿ ತಿದ್ದಿದ್ದು ಬಡತನ. ಕುಂಟಿದ್ದು ಉಳಿಯಲಿಲ್ಲ, ಕಚ್ಚುವಂಥದು ಉಳಿಯಲಿಲ್ಲ, ಹೊಟ್ಟೆಬಾಕ ಉಳಿಯಲಿಲ್ಲ. ೧೫೮೮ರಲ್ಲಿ ಒಡೆದ ಸ್ಪೇನಿನ ಹಡಗುಗಳಿಂದ ಈಜಿ ಬಂದ ಕುದುರೆಗಳೇ ಇವುಗಳ ಪೂರ್ವಜರು ಎಂಬ ಸೊಗಸಾದ ಕಥೆಯೊಂದು ಪ್ರವಾಸಿಗರಿಗೆ ಸಿಕ್ಕುತ್ತದೆ. ಅದನ್ನು ಕಥೆಯೆಂದೇ ಕೇಳಿ ಸಂತೋಷಪಡಬಹುದು.

೧೮೯೧ರಲ್ಲಿ ಐರ್ಲೆಂಡಿನ ಬಡ ಜಿಲ್ಲೆಗಳ ಉದ್ಧಾರಕ್ಕಾಗಿ ಸರಕಾರದ ಮಂಡಳಿಯೊಂದು ಸ್ಥಾಪನೆಯಾಯಿತು. ಪೋನಿಗಳನ್ನು ದೊಡ್ಡದು ಮಾಡಿದರೆ ರೈತನಿಗೆ ಹೆಚ್ಚು ಬೆಲೆ ಸಿಕ್ಕೀತೆಂದು ಮಂಡಳಿಯು ಹೊರಗಿನ ಬೀಜದ ಕುದುರೆಗಳನ್ನು ತಂದು ಬಿಟ್ಟಿತು. ಅವುಗಳಲ್ಲಿ ಹ್ಯಾಕ್ನಿಗಳೂ ಇದ್ದುವು, ವೇಲ್ಸ್ ದೇಶದವೂ ಇದ್ದುವು. ಉದ್ದೇಶ ಒಳ್ಳೆಯದೇ. ಆದರೆ ಎಡಿನ್‌ಬರೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕೋಸಾರ್ ಯೂವರ್ಟರು ೧೯೦೦ರಲ್ಲಿ ಕಾನಮಾರದ ಪೋನಿಗಳನ್ನು ಕುರಿತು ವರದಿ ಬರೆಯುವಷ್ಟರಲ್ಲಿ ಅಲ್ಲಿ ಒಂದು ಜಾತಿಯ ಬದಲು ಐದು ಬಗೆಯ ಪೋನಿಗಳು ಅವರಿಗೆ ಕಂಡವು. ಹೀಗೇ ಬಿಟ್ಟರೆ ಹಳೆಯ ಪೋನಿಯು ಹೇಳಹೆಸರಿಲ್ಲದೆ ಹೋದೀತೆಂಬ ಭಯ ಅಲ್ಲಿಂದ ಹುಟ್ಟಿತು. ೧೯೨೩ರಲ್ಲಿ ಕಾನಮಾರ ಪೋನಿ ಸಾಕುವವರ ಸಂಘ ಸ್ಥಾಪನೆಯಾಗಿ, ೧೯೨೬ರಲ್ಲಿ ಮೊದಲ ವಂಶಾವಳಿ ಗ್ರಂಥ ಹೊರಬಂದಿತು.

ವಂಶಾವಳಿಯ ಮೊದಲ ಅಂಕಿ ದೊರೆತದ್ದು ಕ್ಯಾನನ್ ಬಾಲ್ ಎಂಬ ಬೂದು ಬಣ್ಣದ ಗಂಡು ಪೋನಿಗೆ. ೧೯೦೪ರಲ್ಲಿ ಹುಟ್ಟಿದ ಇದು ಊಟರಾರ್ಡ್ ಎಂಬ ಊರಿನ ರೈತರ ಓಟದ ಪಂದ್ಯವನ್ನು ಸತತವಾಗಿ ಹದಿನಾರು ವರ್ಷ ಗೆದ್ದಿತೆಂದು ಪ್ರಸಿದ್ಧಿ. ಅದು ಸತ್ತಾಗ ಮನುಷ್ಯರಿಗೆ ಮಾಡುವಂತೆ ಇರುಳೆಲ್ಲ ಜಾಗರಣೆ ಕುಳಿತರೆಂದು ಊರಿನವರು ಹೇಳುತ್ತಾರೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಕ್ಯಾನನ್ ಬಾಲ್‌ನ ಅಜ್ಜ ಪ್ರಿನ್ಸ್ ಲೆವೆಲಿನ್ ಎಂಬುದು ಮಂಡಳಿಯವರು ತಂದ ವೇಲ್ಸಿನ ಕುದುರೆ! ಹೊರಗಿನ ರಕ್ತದಿಂದ ಜಾತಿ ಕೆಟ್ಟಿತೆಂದು ಸಂಘ ಕಟ್ಟಿದವರು ತಮ್ಮ ಗ್ರಂಥದ ಮೊದಲ ಪುಟದಲ್ಲಿ ಆ ರಕ್ತಕ್ಕೇ ಪೀಠ ಹಾಕಿಕೊಟ್ಟರು. ಇದನ್ನು ಇಬ್ಬಂದಿತನವೆನ್ನುವುದು ಅನ್ಯಾಯ. ಅವರು ನೋಡಿದ್ದು ಕುಲಗೋತ್ರವನ್ನಲ್ಲ, ಎದುರಿಗೆ ನಿಂತ ಪ್ರಾಣಿಯನ್ನು. ಅದು ಪೋನಿಯ ಹಾಗಿದೆಯೆ, ಪೋನಿಯ ಹಾಗೆ ದುಡಿಯುತ್ತದೆಯೆ ಎಂಬುದೇ ಅವರ ಪ್ರಶ್ನೆ.

೧೯೪೦ರ ದಶಕದಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಿತು. ಹಳ್ಳಿಯಲ್ಲಿ ನೇಗಿಲ ಪೋನಿಗೆ ಬೇಡಿಕೆ ಇಳಿಯುತ್ತ, ಪಟ್ಟಣದ ಸವಾರಿ ಪೋನಿಗೆ ಏರುತ್ತ ಬಂದುದರಿಂದ ಸಂಘವೇ ಸ್ವತಃ ಹೊರಗಿನ ರಕ್ತವನ್ನು ಅಳತೆಯಿಟ್ಟು ಸೇರಿಸಿತು. ಹೀಗೆ ಬಂದವುಗಳಲ್ಲಿ ಲಿಟ್ಲ್ ಹೆವನ್ ಎಂಬ ಥರೋಬ್ರೆಡ್ ಗಂಡು ಒಂದು, ಎಂದರೆ ಪಂದ್ಯದ ಕುದುರೆಗಳ ಕುಲದ್ದು. ಅದಕ್ಕೆ ಕಾನಮಾರದ ಹೆಣ್ಣಿನಲ್ಲಿ ಹುಟ್ಟಿದ ಕಾರ್ನಾ ಡನ್ ಜಾತಿಯ ಹೆಸರಾಂತ ಬೀಜದ ಪೋನಿಯಾಯಿತು. ಇನ್ನೊಂದು ಮರಿ ಡನ್‌ಡ್ರಮ್. ಸುಮಾರು ಹದಿನೈದು ಹ್ಯಾಂಡಿಗೆ ಬೆಳೆದು ಗೆರೆ ದಾಟಿದ ಈ ಡನ್‌ಡ್ರಮ್, ಟಾಮಿ ವೇಡ್ ಎಂಬ ಸವಾರನನ್ನು ಹೊತ್ತು, ತನಗಿಂತ ಮೊಳದೆತ್ತರದ ಕುದುರೆಗಳನ್ನು ಹಿಂದೆ ಹಾಕಿ, ೧೯೬೩ರಲ್ಲಿ ಡಬ್ಲಿನ್ ನಗರದ ಆಗಾಖಾನ್ ಟ್ರೋಫಿಯನ್ನು ಐರ್ಲೆಂಡಿಗೆ ಗೆದ್ದುಕೊಟ್ಟ ತಂಡದಲ್ಲಿದ್ದಿತು.

ಇದಕ್ಕಿಂತ ಮಿಗಿಲಾದುದು ಸ್ಟ್ರೋಲರ್‌ನ ಕಥೆ. ಇದೂ ಥರೋಬ್ರೆಡ್ ಮತ್ತು ಕಾನಮಾರದ ಬೆರಕೆ ಎನ್ನುತ್ತಾರೆ. ಎತ್ತರ ೧೪ ಹ್ಯಾಂಡಿನ ಮೇಲೆ ಒಂದೆರಡಂಗುಲ, ಅಷ್ಟೆ. ಇಂಗ್ಲೆಂಡಿನ ಮೇರಿಯನ್ ಕೋಕ್ಸ್ ಎಂಬ ಬಾಲಕಿಯ ಪೋನಿ ಅದು. ಹುಡುಗಿ ಬೆಳೆದಳು, ಇನ್ನು ಇದನ್ನು ಮಾರಿ ದೊಡ್ಡ ಕುದುರೆ ಕೊಳ್ಳುವುದು ಲೋಕರೂಢಿ. ತಂದೆಯ ಆಲೋಚನೆಯೂ ಹಾಗೆಯೇ ಇದ್ದಿತು. ಹುಡುಗಿ ಒಪ್ಪಲಿಲ್ಲ. ೧೯೬೫ರಲ್ಲಿ ಆಕೆ ಅದೇ ಪೋನಿಯ ಮೇಲೆ ಹೆಂಗಸರ ವಿಶ್ವ ಪಂದ್ಯ ಗೆದ್ದಳು. ೧೯೬೭ರಲ್ಲಿ ಹಿಕ್‌ಸ್ಟೆಡ್ ಡರ್ಬಿ ಗೆದ್ದಳು. ೧೯೬೮ರಲ್ಲಿ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ತನ್ನ ಹೆಗಲಿಗಿಂತ ಎತ್ತರದ ತಡೆಗಳನ್ನು ಹಾರಿದ ಸ್ಟ್ರೋಲರ್ ಆಕೆಗೆ ಬೆಳ್ಳಿಯ ಪದಕ ತಂದುಕೊಟ್ಟಿತು. ಚಿನ್ನ ಗೆದ್ದ ಅಮೆರಿಕದ ಬಿಲ್ ಸ್ಟೈನ್‌ಕ್ರಾಸರದು ದೊಡ್ಡ ಕುದುರೆ, ಕಂಚು ಗೆದ್ದ ಡೇವಿಡ್ ಬ್ರೂಮರದೂ ದೊಡ್ಡ ಕುದುರೆ; ನಡುವೆ ಒಂದು ತಟ್ಟು.

ಇಂಥ ವಿಜಯಗಳಿಂದ ಜನರು ಕಲಿತ ಪಾಠ ಮಾತ್ರ ತಪ್ಪು. ಥರೋಬ್ರೆಡ್ ರಕ್ತ ಸೇರಿಸಿದರೆ ಸಾಕು, ದೊಡ್ಡವರ ಪೋನಿ ಸಿದ್ಧವಾಯಿತು ಎಂದುಕೊಂಡವರು ಎಷ್ಟೋ ಮಂದಿ. ಬೆರಕೆ ಒಂದು ಸಲ ಡನ್‌ಡ್ರಮ್ಮನ್ನು ಕೊಟ್ಟೀತು. ಹತ್ತು ಸಲ ಉದ್ದಕಾಲು, ತೆಳುಗಾಲು, ಇಕ್ಕಟ್ಟಾದ ಎದೆ, ಚುರುಕು ಕೋಪ ಇವುಗಳನ್ನು ಕೊಟ್ಟೀತು. ಅದಕ್ಕೆ ಚಳಿ ಮಳೆ ತಡೆಯದು, ಹುಲ್ಲು ಸಾಲದು. ಎತ್ತರ ಮಾತ್ರ ಉಂಟು. ಹಾಗೂ ಬೆರಕೆಯ ಮರಿಗಳನ್ನೇ ಮತ್ತೆಮತ್ತೆ ಬೆರಸುತ್ತ ಹೋದರೆ ಮುಂದೊಂದು ದಿನ ಬೆರಸುವುದಕ್ಕೆ ಅಸಲು ಪೋನಿಯೇ ಉಳಿಯುವುದಿಲ್ಲ. ಬೀಜದ ಭತ್ತವನ್ನೇ ಕುಟ್ಟಿ ಅಟ್ಟುಂಡ ಹಾಗೆ. ೧೯೬೦ರ ದಶಕದಲ್ಲಿ ಸಂಘವು ವಂಶಾವಳಿಯ ಬಾಗಿಲನ್ನು ಮುಚ್ಚಿತು. ಅಲ್ಲಿಂದೀಚೆಗೆ ತಂದೆತಾಯಿ ಎರಡೂ ದಾಖಲಾದ ಮರಿ ಮಾತ್ರ ಕಾನಮಾರ ಪೋನಿ. ಬೆಳೆದ ಮೇಲಿನ ಎತ್ತರ ೧೨೮ರಿಂದ ೧೪೮ ಸೆಂಟಿಮೀಟರಿನೊಳಗೆ ಇರತಕ್ಕದ್ದು.

ಹಾಗಾದರೆ ಬಾಗಿಲು ಮುಚ್ಚಿದ ಜಾತಿಯೊಳಗೇ ದೊಡ್ಡ ಪೋನಿಯನ್ನು ಪಡೆಯುವುದು ಹೇಗೆ? ಎತ್ತರ ಎಲ್ಲಿಂದ ಬರುತ್ತದೆ ಎಂಬುದನ್ನು ಇಲ್ಲಿ ತುಸು ವಿಚಾರಿಸಬೇಕು. ಗಂಡು ದೊಡ್ಡದಾದರೆ ಮರಿ ದೊಡ್ಡದು ಎಂಬುದು ಸಾಮಾನ್ಯರ ನಂಬಿಕೆ. ಕೇಂಬ್ರಿಜ್ಜಿನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ೧೯೩೮ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ನಂಬಿಕೆಯನ್ನು ಅಲುಗಿಸಿತು. ಬಂಡಿ ಎಳೆಯುವ ಭಾರೀ ಶೈರ್ ಕುದುರೆಯನ್ನೂ ಸೊಂಟದೆತ್ತರವೂ ಬಾರದ ಶೆಟ್ಲೆಂಡ್ ಪೋನಿಯನ್ನೂ ಅವರು ಕೃತಕ ಗರ್ಭಧಾರಣೆಯಿಂದ ಎರಡು ರೀತಿಯಲ್ಲಿ ಬೆರಸಿದರು: ಒಮ್ಮೆ ತಾಯಿ ಶೈರ್, ತಂದೆ ಶೆಟ್ಲೆಂಡ್, ಇನ್ನೊಮ್ಮೆ ತಾಯಿ ಶೆಟ್ಲೆಂಡ್, ತಂದೆ ಶೈರ್. ಎರಡು ಬಗೆಯ ಮರಿಗಳಲ್ಲಿಯೂ ಎರಡು ಕುಲದ ಪಾಲು ಅರ್ಧರ್ಧ. ಆದರೂ ಶೈರ್ ತಾಯಿಯ ಮರಿ ಹುಟ್ಟುವಾಗಲೇ ಶೆಟ್ಲೆಂಡ್ ತಾಯಿಯ ಮರಿಯ ಸುಮಾರು ಮೂರರಷ್ಟು ತೂಗಿತು. ಬೆಳೆದ ಮೇಲೂ ಅಂತರ ಅಳಿಯಲಿಲ್ಲ. ಹನ್ನೊಂದು ತಿಂಗಳು ಹೊತ್ತ ಗರ್ಭದ ವಿಸ್ತಾರವೇ ಮರಿಯ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಅರುವತ್ತು ವರ್ಷಗಳಾಚೆ ನ್ಯೂಮಾರ್ಕೆಟ್ಟಿನಲ್ಲಿ ಪೋನಿಯ ಭ್ರೂಣವನ್ನು ಥರೋಬ್ರೆಡ್ ಹೆಣ್ಣಿನ ಗರ್ಭದಲ್ಲಿಟ್ಟು ನೋಡಿದಾಗಲೂ ಇದೇ ಮಾತು ಸ್ಥಿರವಾಯಿತು.

ವಂಶದ ಪಾಲು ಇಲ್ಲವೆಂದಲ್ಲ. ಕುದುರೆಯ ಜಾತಿ ಜಾತಿಗಳ ನಡುವಣ ಗಾತ್ರಭೇದದ ಶೇಕಡ ೮೩ರಷ್ಟನ್ನು ವಂಶತಂತುವಿನ ನಾಲ್ಕೇ ತಾಣಗಳು ವಿವರಿಸುತ್ತವೆಂದು ೨೦೧೨ರ ಸಂಶೋಧನೆಯೊಂದು ತೋರಿಸಿತು. ಮೂರನೆಯದು ಹುಲ್ಲು. ಕಾನಮಾರದ ಕಲ್ಲುಗುಡ್ಡದಲ್ಲಿ ಹದಿಮೂರೂವರೆ ಹ್ಯಾಂಡಿಗೆ ನಿಲ್ಲುವ ವಂಶ ಇಂಗ್ಲೆಂಡಿನ ಕೊಬ್ಬಿದ ಹುಲ್ಲುಗಾವಲಿನಲ್ಲಿ ಗೆರೆ ದಾಟುವುದುಂಟು. ಆದ್ದರಿಂದ ಬೆಳೆಸುವವನು ಎತ್ತರದ ಗಂಡನ್ನು ಹುಡುಕಿಕೊಂಡು ಊರೂರು ಅಲೆಯುವ ಬದಲು ತನ್ನ ಹಿತ್ತಲಿನ ಹೆಣ್ಣನ್ನೇ ಮೊದಲು ನೋಡಿಕೊಳ್ಳುವುದು ಲೇಸು. ಅಗಲವಾದ, ಹೊಟ್ಟೆ ಆಳವಾದ, ೧೪ ಹ್ಯಾಂಡಿನ ಆಸುಪಾಸಿನ ಹೆಣ್ಣು. ಅದಕ್ಕೆ ಗಾತ್ರದಲ್ಲಿ ಸರಿಸಮನಾದ, ಎಲುಬು ದಪ್ಪನಾದ ಗಂಡು. ಮರಿ ೧೪೬ಕ್ಕೆ ನಿಂತರೂ ಲಾಭ, ೧೪೨ಕ್ಕೆ ನಿಂತರೂ ನಷ್ಟವಿಲ್ಲ. ಎರಡು ಕಡೆಯೂ ಅಂಚಿನ ಎತ್ತರದವನ್ನೇ ಜೋಡಿಸಿದವನು ಮಾತ್ರ ನಾಲ್ಕು ವರ್ಷ ಅಳತೆಗೋಲಿನ ಭಯದಲ್ಲಿ ಬದುಕುತ್ತಾನೆ.

ಈ ಭಯದ ಫಲವನ್ನು ಹೇಳುವುದು ಸುಖದ ಮಾತಲ್ಲ. ಅಂಗುಲದ ಪಾಲಿಗೋಸ್ಕರ ಗೊರಸನ್ನು ಜೀವಕ್ಕೆ ತಾಗುವ ತನಕ ಕೆತ್ತಿಸಿ, ಹೆಗಲು ತಗ್ಗಿಸಿ ನಿಲ್ಲುವಂತೆ ಪಳಗಿಸಿ, ಪೋನಿಯನ್ನು ಅಳತೆಯ ಕಟ್ಟೆಗೆ ತರುವವರು ಕುದುರೆಲೋಕದಲ್ಲಿ ಇಲ್ಲದಿಲ್ಲ. ಮರುದಿನ ಕುಂಟುವುದು ಮಾಲಿಕನಲ್ಲವಷ್ಟೆ.

ಇನ್ನು ಕೊಳ್ಳುವವನ ಮಾತು. ಬೆಳೆದ ಮನುಷ್ಯನನ್ನು ಹೊರುವುದು ಎತ್ತರವಲ್ಲ ಎಂಬುದನ್ನು ಆತನು ಮೊದಲು ಮನಗಾಣಬೇಕು. ಅಮೆರಿಕದ ಒಹಾಯೊ ರಾಜ್ಯದಲ್ಲಿ ನಡೆದು ೨೦೦೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಂಟು ಸವಾರಿ ಕುದುರೆಗಳಿಗೆ ಅವುಗಳ ತೂಕದ ಶೇಕಡ ೧೫, ೨೦, ೨೫, ೩೦ರಷ್ಟು ಹೇರು ಹೊರಿಸಿ ಓಡಿಸಿದರು. ೨೦ರ ತನಕ ದೊಡ್ಡ ತೊಂದರೆ ಕಾಣಲಿಲ್ಲ. ೨೫ ದಾಟಿದೊಡನೆ ಎದೆಬಡಿತ ಏರಿತು, ಬೆನ್ನಿನ ಸ್ನಾಯುಗಳು ನೊಂದುವು. ಸೊಂಟ ಅಗಲವಾಗಿದ್ದ, ಮೊಣಕಾಲಿನ ಕೆಳಗಣ ನಳಿಯೆಲುಬು ದಪ್ಪವಾಗಿದ್ದ ಪ್ರಾಣಿಗಳಿಗೆ ನೋವು ಕಡಮೆಯಾಯಿತೆಂಬುದು ಅದರ ಇನ್ನೊಂದು ಫಲ. ಹಳೆಯ ಕಾಲದ ಕುದುರೆ ವ್ಯಾಪಾರಿಗಳು ಮಾತಿಗೆ ಮುಂಚೆ ಬಗ್ಗಿ ಮುಂಗಾಲಿನ ನಳಿಯನ್ನು ಬೆರಳಿನಲ್ಲಿ ಸುತ್ತಿ ನೋಡುತ್ತಿದ್ದುದು ಸುಮ್ಮನೆ ಅಲ್ಲ. ಕಾನಮಾರ ಪೋನಿಗೆ ಈ ಸುತ್ತಳತೆ ೧೮ರಿಂದ ೨೧ ಸೆಂಟಿಮೀಟರ್ ಇರಬೇಕೆಂದು ಜಾತಿಲಕ್ಷಣದಲ್ಲಿಯೇ ಬರೆದಿದೆ.

ಲೆಕ್ಕ ಸುಲಭ. ೪೦೦ ಕಿಲೊ ತೂಗುವ ಪೋನಿಗೆ ಶೇಕಡ ೨೦ ಎಂದರೆ ೮೦ ಕಿಲೊ. ತಡಿ, ರಿಕಾಪು, ಬೂಟು, ಶಿರಸ್ತ್ರಾಣ ಇವಕ್ಕೆ ಹತ್ತು ಕಳೆದರೆ ಸವಾರನಿಗೆ ಉಳಿಯುವುದು ೭೦. ತೊಂಬತ್ತು ಕಿಲೊ ತೂಗುವ ಮಹಾಶಯರು ಹೈಲೆಂಡ್ ಅಥವಾ ವೆಲ್ಷ್ ಕಾಬ್‌ಗಳ ಪೈಕಿ ದಪ್ಪನಾದುದನ್ನು ನೋಡಿಕೊಳ್ಳುವುದು ಧರ್ಮ. ತಮ್ಮ ತೂಕವನ್ನು ನೋಡಿಕೊಂಡರೆ ಇನ್ನೂ ಧರ್ಮ. ಪೋನಿಯ ೪೦೦ ಕಿಲೊ ಎಲುಬು ಸ್ನಾಯುಗಳದಾಗಿರಬೇಕು, ಬೊಜ್ಜಿನದಲ್ಲ ಎಂಬುದನ್ನೂ ಮರೆಯತಕ್ಕದ್ದಲ್ಲ. ಬೊಜ್ಜು ಪೋನಿಯನ್ನು ಗಟ್ಟಿಮುಟ್ಟಾದುದೆಂದು ತೋರಿಸಿ ಮಾರುವುದು ಬಹಳ ಸುಲಭ.

ನೋಡುವಾಗ ಹಿಂದೆ ಎರಡು ಮಾರು ಸರಿದು ಪಕ್ಕದಿಂದ ನೋಡಬೇಕು. ಬೆನ್ನು ಮೋಟಾಗಿ, ಸೊಂಟ ಅಗಲವಾಗಿ, ಹೆಗಲು ಹಿಂದಕ್ಕೆ ಓರೆಯಾಗಿದ್ದರೆ ತಡಿ ತನ್ನ ಜಾಗದಲ್ಲಿ ಕೂರುತ್ತದೆ. ಹೆಗಲು ನೆಟ್ಟಗಿದ್ದರೆ ಸವಾರನು ಕತ್ತಿನ ಮೇಲೆ ಜಾರುತ್ತಾನೆ. ಎದೆಗೂಡು ದುಂಡಗಿದ್ದರೆ ಸವಾರನ ಕಾಲು ಅದನ್ನು ಬಳಸಿಕೊಳ್ಳುತ್ತದೆ, ನೋಡಿದವರಿಗೆ ಕಾಲು ನೆಲಕ್ಕೆ ನೇತಾಡುವಂತೆ ಕಾಣುವುದಿಲ್ಲ. ೧೪.೨ರ ತೆಳ್ಳನೆಯ ಪೋನಿಗಿಂತ ೧೩.೩ರ ದುಂಡು ಪೋನಿ ಎತ್ತರದ ಸವಾರನಿಗೆ ಹೆಚ್ಚು ಒಪ್ಪುವ ರಹಸ್ಯ ಇದೇ. ಆಮೇಲೆ ಸ್ವಭಾವ. ಮಾರುವವರ ಮನೆಯ ಹನ್ನೆರಡು ವರ್ಷದ ಹುಡುಗಿ ಸವಾರಿ ಮಾಡಿ ತೋರಿಸಿದರೆ ಸಾಲದು. ಕೊಳ್ಳುವವನೇ ಅರ್ಧ ಗಂಟೆಯಾದರೂ ಕುಳಿತು, ಏರು ಹತ್ತಿಸಿ, ಇಳಿಜಾರು ಇಳಿಸಿ, ಬಳಿಕ ತಡಿ ಬಿಚ್ಚಿ ಬೆನ್ನಿನ ಎರಡು ಕಡೆಯೂ ಬೆರಳೊತ್ತಿ ನೋಡಬೇಕು. ಒತ್ತಿದಲ್ಲಿ ಬೆನ್ನು ಕುಗ್ಗಿಸಿದರೆ ಪೋನಿ ತನ್ನ ಅಭಿಪ್ರಾಯವನ್ನು ಹೇಳಿತೆಂದೇ ತಿಳಿಯಬೇಕು.

ಪಶುವೈದ್ಯರ ಪರೀಕ್ಷೆ ಎಲ್ಲ ಕುದುರೆಗೂ ಅವಶ್ಯ. ಕಾನಮಾರ ಪೋನಿಗೆ ಇನ್ನೊಂದು ಪರೀಕ್ಷೆ ಹೆಚ್ಚು. ಬಾಗಿಲು ಮುಚ್ಚಿದ ಜಾತಿಯಲ್ಲಿ ಅಡಗಿದ್ದ ದೋಷವೊಂದು ಗೊರಸಿನ ರೂಪದಲ್ಲಿ ಹೊರಬಿದ್ದಿತು: ಎಳೆಯ ಮರಿಯಲ್ಲಿಯೇ ಗೊರಸಿನ ಗೋಡೆ ಪದರ ಪದರವಾಗಿ ಸೀಳಿ ಒಡೆಯುತ್ತದೆ, ಮರಿ ತನ್ನ ಗೊರಸಿನ ಮೇಲೆ ನಿಲ್ಲಲಾರದೆ ಅಂಗಾಲಿನ ಮೇಲೆ ನಿಲ್ಲುತ್ತದೆ. ತಂದೆ ತಾಯಿ ಎರಡರಿಂದಲೂ ದೋಷ ಬಂದರೆ ಮಾತ್ರ ರೋಗ. ಒಂದರಿಂದ ಬಂದರೆ ಪೋನಿ ಜೀವಮಾನವಿಡೀ ಆರೋಗ್ಯವಾಗಿದ್ದು ಮರಿಗಳಿಗೆ ಸಾಗಿಸುತ್ತದೆ. ಅಂಥ ಎರಡನ್ನು ಜೋಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಗಂಡಾಂತರ. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾನಿಲಯದವರು ದೋಷದ ಮೂಲವನ್ನು ಕಂಡುಹಿಡಿದು ೨೦೧೫ರಲ್ಲಿ ಪ್ರಕಟಿಸಿದ ಮೇಲೆ, ಬಾಲದ ನಾಲ್ಕು ಕೂದಲು ಕಳುಹಿಸಿದರೆ ಉತ್ತರ ದೊರೆಯುವಂತಾಗಿದೆ. ದೋಷವಾಹಕ ಪೋನಿಗಳನ್ನೆಲ್ಲ ಒಟ್ಟಿಗೆ ತಳ್ಳಿಹಾಕಿದರೆ ಒಳ್ಳೆಯ ವಂಶಗಳೂ ಅವುಗಳ ಜೊತೆಯಲ್ಲಿ ಹೋಗುತ್ತವೆ. ದೋಷವಿಲ್ಲದ ಜೋಡಿಯನ್ನು ಕೊಟ್ಟರೆ ಮರಿಗೆ ರೋಗ ಬಾರದು. ಸವಾರಿಗಾಗಿಯೇ ಕೊಳ್ಳುವವನಿಗಂತೂ ವಾಹಕವಾದರೆ ಚಿಂತೆಯೇ ಇಲ್ಲ.

ಮನೆಗೆ ತಂದ ಮೇಲಿನ ಅಪಾಯ ಹುಲ್ಲು. ಕುದುರೆಗೆ ಹುರುಳಿ ಬೇಯಿಸಿ ಹಾಕಿದ ಮನೆತನದವರಿಗೆ ಇದು ವಿಚಿತ್ರವಾಗಿ ಕೇಳೀತು. ಕಲ್ಲುಗುಡ್ಡದಲ್ಲಿ ಬದುಕಲು ಹುಟ್ಟಿದ ಪ್ರಾಣಿ ಸಮೃದ್ಧವಾದ ಹಸಿಹುಲ್ಲಿನಲ್ಲಿ ಬೊಜ್ಜು ಬೆಳೆಸಿಕೊಂಡು, ಕೊನೆಗೆ ಗೊರಸಿನೊಳಗೆ ಉರಿ ಹತ್ತಿ ಹೆಜ್ಜೆಯಿಡಲಾರದೆ ನಿಲ್ಲುತ್ತದೆ. ಲ್ಯಾಮಿನೈಟಿಸ್ ಎಂಬ ಈ ರೋಗಕ್ಕೆ ಎಷ್ಟೋ ಉತ್ತಮ ಪೋನಿಗಳು ಬಲಿಯಾಗಿವೆ. ವಸಂತದಲ್ಲಿ ಹುಲ್ಲುಗಾವಲನ್ನು ಬೇಲಿ ಹಾಕಿ ಕಿರಿದು ಮಾಡುವುದು, ದಿನವೂ ನಡೆಸುವುದು, ಪಕ್ಕೆಲುಬು ಕೈಗೆ ಹತ್ತುವಂತೆ ಇಡುವುದು ಇವೇ ಔಷಧ.

ಪ್ರಾಯದ ವಿಷಯದಲ್ಲಿಯೂ ಅವಸರ ಸಲ್ಲದು. ಕಾಲುಗಳ ಬೆಳವಣಿಗೆ ಬೇಗ ಮುಗಿಯುವುದರಿಂದ ಮೂರು ವರ್ಷದ ಪೋನಿ ಬೆಳೆದು ನಿಂತಂತೆ ಕಾಣುತ್ತದೆ. ಬೆನ್ನೆಲುಬು ಗಟ್ಟಿಯಾಗುವುದಕ್ಕೆ ಮಾತ್ರ ಐದಾರು ವರ್ಷ ಬೇಕು. ನಾಲ್ಕರಲ್ಲಿ ತಡಿಯ ಪರಿಚಯ ಮಾಡಿಸಿ, ಹಗುರವಾದ ಸವಾರನನ್ನು ಕೂರಿಸಿ, ಚಳಿಗಾಲ ಬಂದೊಡನೆ ಮತ್ತೆ ಗುಡ್ಡಕ್ಕೆ ಬಿಟ್ಟುಬಿಡುವ ಐರ್ಲೆಂಡಿನ ಹಳೆಯ ಸಾಕಣೆಗಾರರ ಪೋನಿಗಳು ಇಪ್ಪತ್ತೈದು ದಾಟಿದ ಮೇಲೂ ಸವಾರರನ್ನು ಹೊತ್ತು ನಡೆಯುತ್ತವೆ. ಸ್ಟ್ರೋಲರ್ ಮೆಕ್ಸಿಕೊದಲ್ಲಿ ಬೆಳ್ಳಿ ಗೆದ್ದಾಗ ಅದಕ್ಕೆ ಹದಿನೆಂಟು. ಸತ್ತದ್ದು ೧೯೮೬ರಲ್ಲಿ, ಮೂವತ್ತಾರು ತುಂಬಿ.